ಅಗಲಿಕೆಯ ನೋವು: ಮಕ್ಕಳಿಗೂ ಮನೆಗೂ ಆಸರೆ



ಸಾವಿಲ್ಲದ ಮನೆಯ ಸಾಸಿವೆ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಸತ್ತ ಮಗುವನ್ನು ಎದೆಗವಚಿಕೊಂಡು ಔಷಧಿ ಬೇಡುತ್ತ ಬಂದ ಕಿಸಾಗೋತಮಿಗೆ, ಸಾವನ್ನೇ ಕಾಣದ ಮನೆಯಿಂದ ಸಾಸಿವೆ ತರುವಂತೆ ಬುದ್ಧನು ಹೇಳಿದನೆಂಬ ಕಥೆ ಇದರ ಹಿಂದಿದೆ. ಸಾವು ಯಾರಿಗೂ ತಪ್ಪಿದ್ದಲ್ಲ ಎಂಬುದೇ ಈ ಕಥೆಯ ತಾತ್ಪರ್ಯವೆಂದು ಸಾಮಾನ್ಯವಾಗಿ ಹೇಳಿ ಮುಗಿಸುವುದುಂಟು. ಆದರೆ ಕಥೆಯಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ದುಃಖದಲ್ಲಿದ್ದ ಆ ತಾಯಿಗೆ ಬುದ್ಧನು ಮೊದಲು ಉಪದೇಶ ಮಾಡಲಿಲ್ಲ. ಅವಳನ್ನು ಮನೆಮನೆಗೆ ಕಳುಹಿಸಿದನು. ಪ್ರತಿಯೊಂದು ಹೊಸ್ತಿಲಿನಲ್ಲಿಯೂ ಅವಳು ಮತ್ತೊಬ್ಬರ ಅಗಲಿಕೆಯ ಮಾತನ್ನು ಕೇಳಿದಳು. ಸತ್ಯವನ್ನು ತಿಳಿಯುವುದು, ಆ ಸತ್ಯವನ್ನು ಒಂಟಿಯಾಗಿ ಹೊರದಿರುವುದು, ಇವೆರಡೂ ಅವಳಿಗೆ ಒಟ್ಟಿಗೆ ದೊರೆತವು. ದುಃಖದಲ್ಲಿರುವ ಮನೆಗೆ ನೀಡಬಹುದಾದ ನೆರವಿನ ಸಾರವೆಲ್ಲ ಈ ಎರಡರಲ್ಲಿದೆ.

ದೊಡ್ಡವರ ದುಃಖಕ್ಕೆ ಸಮಾಜದಲ್ಲಿ ಒಂದು ಸ್ಥಾನವಿದೆ. ಬಂಧುಗಳು ಬರುತ್ತಾರೆ, ಮಾತನಾಡಿಸುತ್ತಾರೆ, ಅಳಲು ಬಿಡುತ್ತಾರೆ. ಅದೇ ಮನೆಯ ಮೂಲೆಯಲ್ಲಿ ನಿಂತಿರುವ ಮಗುವಿನ ದುಃಖ ಮಾತ್ರ ಅನೇಕ ವೇಳೆ ಯಾರ ಗಮನಕ್ಕೂ ಬರುವುದಿಲ್ಲ. ಮಗುವಿಗೆ ಏನೂ ತಿಳಿಯದು, ಆಟವಾಡಿದರೆ ಮರೆತುಬಿಡುತ್ತದೆ ಎಂಬ ನಂಬಿಕೆ ಇದಕ್ಕೆ ಕಾರಣ. ಕಠೋಪನಿಷತ್ತಿನ ನಚಿಕೇತ ಬಾಲಕ. ಮರಣಾನಂತರ ಏನಾಗುತ್ತದೆ ಎಂದು ಅವನು ಯಮನನ್ನೇ ಕೇಳಿದಾಗ, ಯಮನು ಹಸು, ಆನೆ, ಕುದುರೆ, ಚಿನ್ನಗಳ ಆಸೆ ತೋರಿಸಿ ಆ ಪ್ರಶ್ನೆಯನ್ನು ಮರೆಸಲು ನೋಡಿದನು. ಬಾಲಕನು ಒಪ್ಪಲಿಲ್ಲ. ಆಟಿಕೆ ಕೊಟ್ಟು ಮಗುವಿನ ಪ್ರಶ್ನೆಯನ್ನು ಮರೆಸುವ ದೊಡ್ಡವರ ಪ್ರಯತ್ನ ಅಷ್ಟು ಹಳೆಯದು. ಮರೆಯದಿರುವ ಮಗುವಿನ ಹಟವೂ ಅಷ್ಟೇ ಹಳೆಯದು.

ದೂರದ ಊರಿನ ಸಾವು

ಹೊರನಾಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ. ಮುಂಬಯಿಯ ಡೊಂಬಿವಲಿಯಲ್ಲೋ ಪುಣೆಯ ಪಿಂಪ್ರಿಯಲ್ಲೋ ವಾಸಿಸುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಅಪರಾತ್ರಿಯಲ್ಲಿ ಊರಿನಿಂದ ದೂರವಾಣಿ ಕರೆ ಬರುತ್ತದೆ, ಅಜ್ಜ ತೀರಿಕೊಂಡಿದ್ದಾರೆ. ತಂದೆತಾಯಿಗಳು ಆರು ವರ್ಷದ ಮಗಳನ್ನು ಪಕ್ಕದ ಮನೆಯವರ ಬಳಿ ಬಿಟ್ಟು, “ಅಜ್ಜನಿಗೆ ಹುಷಾರಿಲ್ಲ, ನೋಡಿಕೊಂಡು ಬರುತ್ತೇವೆ” ಎಂದು ಹೇಳಿ ಸಿಕ್ಕಿದ ಬಸ್ಸು ಹತ್ತುತ್ತಾರೆ. ಎರಡು ವಾರಗಳ ಅನಂತರ ತಂದೆ ತಲೆ ಬೋಳಿಸಿಕೊಂಡು ಹಿಂತಿರುಗುತ್ತಾರೆ. ಮಗು ಕೇಳಿದರೆ, ಅಜ್ಜ ದೇವರ ಹತ್ತಿರ ಹೋಗಿದ್ದಾರೆ ಎಂಬ ಉತ್ತರ. ಅಲ್ಲಿಗೆ ಮಾತು ಮುಗಿಯುತ್ತದೆ. ಬೇಸಿಗೆಯ ರಜೆಯಲ್ಲಿ ಊರಿಗೆ ಹೊರಟಾಗ ಆ ಮಗು ಅಜ್ಜನಿಗೆ ತೋರಿಸಲೆಂದು ತನ್ನ ಚಿತ್ರದ ಪುಸ್ತಕವನ್ನು ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಜಗುಲಿಯ ಮೇಲೆ ಅಜ್ಜ ಕೂರುತ್ತಿದ್ದ ಜಾಗ ಖಾಲಿಯಾಗಿರುವುದನ್ನು ಕಂಡಾಗಲೇ ಅದಕ್ಕೆ ಸಾವು ಸಂಭವಿಸುವುದು, ಊರಿಗೆಲ್ಲ ಅದು ಹಳೆಯ ಸುದ್ದಿಯಾದ ಮೇಲೆ.

ಇಲ್ಲಿ ಯಾರದೂ ದುರುದ್ದೇಶವಿಲ್ಲ. ಮಗುವನ್ನು ನೋವಿನಿಂದ ಉಳಿಸಬೇಕೆಂಬ ಪ್ರೀತಿಯೇ ಇದಕ್ಕೆಲ್ಲ ಮೂಲ. ಆದರೆ ನೋವು ತಪ್ಪಲಿಲ್ಲ. ತಡವಾಗಿ ಬಂದಿತು, ಬಂದಾಗ ಜೊತೆಗೆ ಯಾರೂ ಇರಲಿಲ್ಲ. ದೊಡ್ಡವರ ಮಾತನ್ನು ನಂಬಬಹುದೇ ಎಂಬ ಸಂದೇಹವೊಂದು ಹೆಚ್ಚಾಗಿ ಸೇರಿಕೊಂಡಿತು.

ಮಗು ಸಾವನ್ನು ಅರಿಯುವ ಬಗೆ

ಸಾವಿನ ಬಗೆಗೆ ಮಕ್ಕಳ ತಿಳಿವಳಿಕೆ ವಯಸ್ಸಿನೊಡನೆ ಬೆಳೆಯುತ್ತದೆ. ಹಂಗೇರಿಯ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿ 1948ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮೊದಮೊದಲಿನ ಕೆಲಸಗಳಲ್ಲಿ ಒಂದು. ಸತ್ತವರು ಮರಳಿ ಬರುವುದಿಲ್ಲ, ಸತ್ತ ದೇಹಕ್ಕೆ ಹಸಿವು ನೋವುಗಳಿಲ್ಲ, ಸಾವು ಎಲ್ಲ ಜೀವಿಗಳಿಗೂ ಬರುತ್ತದೆ, ಸಾವಿಗೆ ಒಂದು ಕಾರಣವಿರುತ್ತದೆ ಎಂಬ ನಾಲ್ಕು ಸಂಗತಿಗಳನ್ನು ಮಗು ಒಂದೊಂದಾಗಿ ಗ್ರಹಿಸುತ್ತದೆ ಎಂದು ನಂತರದ ವಿದ್ವಾಂಸರು ವಿವರಿಸಿದ್ದಾರೆ.

ಎರಡು ವರ್ಷದೊಳಗಿನ ಶಿಶುವಿಗೆ ಸಾವು ತಿಳಿಯದು, ಅಗಲಿಕೆ ತಿಳಿಯುತ್ತದೆ. ಎತ್ತಿಕೊಳ್ಳುತ್ತಿದ್ದ ಕೈ, ಪರಿಚಿತ ದನಿ ಇಲ್ಲವಾದುದನ್ನು ಅದು ಅಳುವಿನಿಂದ, ನಿದ್ದೆಗೇಡಿನಿಂದ ತೋರಿಸುತ್ತದೆ. ಮೂರರಿಂದ ಐದು ವರ್ಷದ ಮಗು ಸಾವನ್ನು ಪ್ರಯಾಣದಂತೆಯೋ ನಿದ್ರೆಯಂತೆಯೋ ಭಾವಿಸುತ್ತದೆ. “ಅಜ್ಜಿ ಸತ್ತುಹೋದರು” ಎಂದು ತಾನೇ ಹೇಳಿ, ಮರುಗಳಿಗೆಯಲ್ಲಿ “ಯಾವಾಗ ಬರುತ್ತಾರೆ?” ಎಂದು ಕೇಳುತ್ತದೆ. ಅದೇ ಪ್ರಶ್ನೆಯನ್ನು ಹತ್ತು ಬಾರಿ ಕೇಳುವುದು ಹಟವಲ್ಲ. ದೊಡ್ಡದೊಂದು ಸಂಗತಿಯನ್ನು ಸ್ವಲ್ಪ ಸ್ವಲ್ಪವಾಗಿ ಅರಗಿಸಿಕೊಳ್ಳುವ ರೀತಿ. ಆರರಿಂದ ಒಂಬತ್ತರ ವಯಸ್ಸಿನಲ್ಲಿ ಸಾವು ಮರಳದ ಸ್ಥಿತಿ ಎಂಬುದು ತಿಳಿಯತೊಡಗುತ್ತದೆ. ಜೊತೆಯಲ್ಲಿ ಭಯವೂ ಬರುತ್ತದೆ: ಅಮ್ಮನೂ ಸಾಯುತ್ತಾಳೆಯೇ, ಆಗ ಶಾಲೆಗೆ ಕಳುಹಿಸುವವರು ಯಾರು? ಹತ್ತು ವರ್ಷ ದಾಟಿದ ಮೇಲೆ ತಿಳಿವಳಿಕೆ ಬಹುಮಟ್ಟಿಗೆ ದೊಡ್ಡವರದಕ್ಕೆ ಸಮನಾಗುತ್ತದೆ, ಆದರೆ ಅದನ್ನು ತಾಳುವ ಶಕ್ತಿ ಇನ್ನೂ ಸಮನಾಗಿರುವುದಿಲ್ಲ. ಹರೆಯದವರು ದುಃಖವನ್ನು ಸಿಟ್ಟಾಗಿಯೋ ಮೌನವಾಗಿಯೋ ತೋರಿಸುವುದೇ ಹೆಚ್ಚು.

ಎರಡು ವಿಷಯಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು, ದೊಡ್ಡವರ ದುಃಖ ಜಡಿಮಳೆಯಂತೆ ಎಡೆಬಿಡದೆ ಸುರಿದರೆ, ಮಕ್ಕಳದು ಬಿಸಿಲು ಮಳೆಯಂತೆ ಬಂದು ನಿಂತು ಮತ್ತೆ ಬರುತ್ತದೆ. ಬೆಳಗ್ಗೆ ಬಿಕ್ಕಿ ಬಿಕ್ಕಿ ಅತ್ತ ಮಗು ಮಧ್ಯಾಹ್ನ ಗೋಲಿ ಆಡುತ್ತಿರಬಹುದು. ಅದನ್ನು ಕಂಡು “ಇದಕ್ಕೆ ಅಪ್ಪ ಹೋದ ದುಃಖವೇ ಇಲ್ಲ” ಎನ್ನುವ ಬಂಧುವಿನ ಒಂದು ಮಾತು ಆ ಮಗುವನ್ನು ಬಹುಕಾಲ ಚುಚ್ಚುತ್ತಿರುತ್ತದೆ. ಎರಡನೆಯದು, ಸಣ್ಣ ಮಕ್ಕಳು ಸಾವಿಗೆ ತಾವೇ ಕಾರಣವೆಂದು ಬಗೆಯುವುದುಂಟು. ಜಗಳದಲ್ಲಿ ತಮ್ಮನಿಗೆ “ಸತ್ತುಹೋಗು” ಎಂದಿದ್ದ ಬಾಲಕಿ, ಆತ ಕಾಯಿಲೆಯಿಂದ ತೀರಿಕೊಂಡಾಗ ಆ ಮಾತೇ ಕೊಂದಿತೆಂದು ನಂಬಬಹುದು. ಮಗು ಇದನ್ನು ತಾನಾಗಿ ಹೇಳುವುದಿಲ್ಲ. ಆದಕಾರಣ ಕೇಳುವ ಮುಂಚೆಯೇ ಹೇಳಬೇಕು: “ನೀನು ಹೇಳಿದ್ದರಿಂದ, ಮಾಡಿದ್ದರಿಂದ, ಮನಸ್ಸಿನಲ್ಲಿ ಅಂದುಕೊಂಡದ್ದರಿಂದ ಇದು ಆಗಲಿಲ್ಲ.”

ಹೇಳಬೇಕಾದ ಮಾತು

ಸುದ್ದಿಯನ್ನು ಮಗುವಿಗೆ ಹತ್ತಿರದವರೇ, ಪರಿಚಿತ ಜಾಗದಲ್ಲಿ, ಪಕ್ಕದಲ್ಲಿ ಕುಳಿತು, ಮನೆಮಾತಿನಲ್ಲಿ ಹೇಳುವುದು ಒಳ್ಳೆಯದು. ಮಾತು ಚಿಕ್ಕದಾಗಿರಲಿ, ನೇರವಾಗಿರಲಿ. “ಒಂದು ದುಃಖದ ವಿಷಯ ಹೇಳಬೇಕಾಗಿದೆ. ಅಜ್ಜ ಸತ್ತುಹೋದರು. ಅವರ ಹೃದಯಕ್ಕೆ ದೊಡ್ಡ ಕಾಯಿಲೆಯಾಗಿತ್ತು, ವೈದ್ಯರು ಎಷ್ಟು ಪ್ರಯತ್ನ ಮಾಡಿದರೂ ವಾಸಿಯಾಗಲಿಲ್ಲ. ಸತ್ತವರು ಮತ್ತೆ ಎದ್ದು ಬರುವುದಿಲ್ಲ. ಅದಕ್ಕೇ ಎಲ್ಲರೂ ಅಳುತ್ತಿದ್ದಾರೆ.” ಇಷ್ಟು ಸಾಕು. ಉಳಿದುದನ್ನು ಮಗುವಿನ ಪ್ರಶ್ನೆಗಳೇ ಹೊರಡಿಸುತ್ತವೆ.

ಕನ್ನಡದಲ್ಲಿ ಸಾವನ್ನು ಸೂಚಿಸಲು ಮೃದುವಾದ ನುಡಿಗಳು ಬೇಕಾದಷ್ಟಿವೆ: ಹೋದರು, ತೀರಿಕೊಂಡರು, ದೈವಾಧೀನರಾದರು, ಲಿಂಗೈಕ್ಯರಾದರು. ದೊಡ್ಡವರ ನಡುವೆ ಇವು ಗೌರವದ ಮಾತುಗಳು. ಮಗು ಮಾತ್ರ ಮಾತನ್ನು ಇದ್ದಂತೆಯೇ ಹಿಡಿಯುತ್ತದೆ. “ಅಜ್ಜಿ ಮಲಗಿದ್ದಾರೆ, ಏಳುವುದಿಲ್ಲ” ಎಂದರೆ ಅದು ರಾತ್ರಿ ಮಲಗಲು ಅಂಜುತ್ತದೆ. “ದೂರದ ಊರಿಗೆ ಹೋಗಿದ್ದಾರೆ” ಎಂದರೆ ತಂದೆ ಪ್ರವಾಸಕ್ಕೆ ಹೊರಟಾಗಲೆಲ್ಲ ಕಂಗೆಡುತ್ತದೆ. “ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ” ಎಂದರೆ ಒಳ್ಳೆಯವನಾಗಿರಲು ಹೆದರಿದರೂ ಆಶ್ಚರ್ಯವಿಲ್ಲ. ಮನೆಯ ಧರ್ಮಶ್ರದ್ಧೆಗೆ ಅನುಗುಣವಾಗಿ ಸ್ವರ್ಗ, ದೇವರು, ಪುನರ್ಜನ್ಮಗಳ ಮಾತನ್ನು ಅಗತ್ಯವಾಗಿ ಆಡಬಹುದು. ಆದರೆ ದೇಹವು ಸತ್ತಿದೆ ಎಂಬ ಮಾತು ಮೊದಲು ಬರಬೇಕು, ಶ್ರದ್ಧೆಯ ಮಾತು ಅದರ ಹಿಂದೆ ಬರಬೇಕು. ಉತ್ತರ ತಿಳಿಯದ ಪ್ರಶ್ನೆಗೆ “ಅದು ಯಾರಿಗೂ ಪೂರ್ತಿ ತಿಳಿಯದು ಮಗು” ಎನ್ನುವುದರಲ್ಲಿ ಅವಮಾನವೇನಿಲ್ಲ.

ಆತ್ಮಹತ್ಯೆ, ಅಪಘಾತಗಳಂತಹ ಸಾವಿನಲ್ಲಿಯೂ ಸುಳ್ಳು ನಿಲ್ಲುವುದಿಲ್ಲ. ನೆರೆಯವರಿಂದಲೋ ಸಹಪಾಠಿಗಳಿಂದಲೋ ನಿಜ ಹೊರಬೀಳುತ್ತದೆ. ವಿವರಗಳನ್ನೆಲ್ಲ ಹೇಳಬೇಕಾಗಿಲ್ಲ, ಹೇಳಿದಷ್ಟು ನಿಜವಾಗಿದ್ದರೆ ಸಾಕು.

ಕರ್ಮಾದಿಗಳಲ್ಲಿ ಮಗುವಿನ ಸ್ಥಾನ

ಮಗುವನ್ನು ಅಂತ್ಯಕ್ರಿಯೆಗೆ ಕರೆದೊಯ್ಯಬೇಕೇ ಎಂಬುದು ಎಲ್ಲ ಮನೆಗಳಲ್ಲಿಯೂ ಏಳುವ ಪ್ರಶ್ನೆ. ಬಲಾತ್ಕಾರವೂ ಬೇಡ, ನಿಷೇಧವೂ ಬೇಡ. ಅಲ್ಲಿ ಏನೇನು ಕಾಣುತ್ತದೆ ಎಂಬುದನ್ನು ಮೊದಲೇ ತಿಳಿಸಿ, ಬರಲು ಇಷ್ಟವೇ ಎಂದು ಮಗುವನ್ನು ಕೇಳಬಹುದು. ಬಂದರೆ, ತೀರ ದುಃಖದಲ್ಲಿಲ್ಲದ ಒಬ್ಬ ಹಿರಿಯರು ಅದರ ಕೈಹಿಡಿದು ನಿಲ್ಲಲಿ. ಸಾಕೆನಿಸಿದಾಗ ಹೊರಗೆ ಕರೆದುಕೊಂಡು ಹೋಗಲಿ. ಬಾರದಿದ್ದರೆ ಹೂವನ್ನೋ ತಾನು ಬರೆದ ಚೀಟಿಯನ್ನೋ ಕಳುಹಿಸಿಕೊಡಲಿ. ಆಗ ಬೀಳ್ಕೊಟ್ಟ ಸಮಾಧಾನ ಅದಕ್ಕೂ ಸಿಗುತ್ತದೆ.

ಹಳೆಯ ಮೈಸೂರಿನ ಕಡೆಯ ಮೂರನೆಯ ದಿನದ ಹಾಲುತುಪ್ಪ, ಲಿಂಗಾಯತರ ಶಿವಗಣಾರಾಧನೆ, ತುಳುನಾಡಿನ ಬೊಜ್ಜ, ವೈಕುಂಠ ಸಮಾರಾಧನೆ, ಮುಸ್ಲಿಮರ ಮನೆಗಳ ಜಿಯಾರತ್, ಕ್ರೈಸ್ತರ ಸ್ಮರಣೆಯ ಪೂಜೆ ಮುಂತಾದ ಆಚರಣೆಗಳಿಗೆಲ್ಲ ಅವುಗಳದೇ ಆದ ಧಾರ್ಮಿಕ ಅರ್ಥಗಳಿವೆ. ಇವುಗಳ ಲೌಕಿಕ ಉಪಯೋಗವೂ ಸಣ್ಣದಲ್ಲ. ದಿಕ್ಕುಗೆಟ್ಟ ಮನೆಗೆ ಇಂದು ಇದು, ನಾಳೆ ಅದು ಎಂಬ ಕ್ರಮವೊಂದು ಸಿಗುತ್ತದೆ. ಒಲೆ ಹಚ್ಚದ ಮನೆಗೆ ನೆರೆಯವರು ಅನ್ನ ತರುತ್ತಾರೆ. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಅಸಂಖ್ಯಾತ ಕುಟುಂಬಗಳಿಗೆ ಮುಖ ನೋಡುವ ಅವಕಾಶವೂ ಇಲ್ಲವಾದಾಗ ಈ ಆಚರಣೆಗಳ ಬೆಲೆ ಎಷ್ಟೆಂಬುದು ಅನುಭವಕ್ಕೆ ಬಂದಿತು. ಅಂದು ಬೀಳ್ಕೊಡಲಾಗದ ಮನೆಗಳು ಇಂದಿಗೂ ಒಂದು ದಿನವನ್ನು ಗೊತ್ತುಮಾಡಿ, ದೀಪ ಹಚ್ಚಿ, ಹೋದವರ ಮಾತನಾಡುವುದು ಸಾಧ್ಯ. ಅದಕ್ಕೆ ಕಾಲ ಮೀರುವುದಿಲ್ಲ.

ಆದರೆ ಎಲ್ಲ ರೂಢಿಗಳೂ ಆಸರೆಯಾಗುವುದಿಲ್ಲ. ತಂದೆ ಸತ್ತ ದಿನ ತಾಯಿಯ ಕುಂಕುಮವನ್ನು ಅಳಿಸಿ, ಬಳೆಗಳನ್ನು ಒಡೆಯುವುದನ್ನು ಕಾಣುವ ಮಗು ಒಂದೇ ದಿನದಲ್ಲಿ ಇಬ್ಬರನ್ನು ಕಳೆದುಕೊಳ್ಳುತ್ತದೆ. ತಂದೆಯೂ ಇಲ್ಲ, ತಾಯಿಯ ಪರಿಚಿತ ಮುಖವೂ ಇಲ್ಲ. ಕರ್ನಾಟಕದ ಗಡಿಗೆ ಹತ್ತಿರವಿರುವ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿಯು 2022ರ ಮೇ ತಿಂಗಳಲ್ಲಿ ಇಂತಹ ವಿಧವಾ ಪದ್ಧತಿಗಳನ್ನು ಕೈಬಿಡುವ ನಿರ್ಣಯ ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರವು ಉಳಿದ ಗ್ರಾಮಗಳೂ ಇದನ್ನು ಅನುಸರಿಸುವಂತೆ ಸುತ್ತೋಲೆ ಹೊರಡಿಸಿತು. ಹೇರವಾಡದ ನಿರ್ಣಯ ಸ್ತ್ರೀಯರ ಘನತೆಯನ್ನು ಕುರಿತದ್ದು. ಅದರ ಫಲ ಮಕ್ಕಳಿಗೂ ಸೇರಿದ್ದು.

ಮನೆಯೊಳಗಿನ ಹೊರೆ

“ಇನ್ನು ಮೇಲೆ ನೀನೇ ಮನೆಯ ಯಜಮಾನ” ಎಂದು ಹನ್ನೆರಡು ವರ್ಷದ ಹುಡುಗನ ಬೆನ್ನು ತಟ್ಟುವ ಹಿರಿಯರಿದ್ದಾರೆ. ಧೈರ್ಯ ತುಂಬುವ ಉದ್ದೇಶದ ಈ ಮಾತು ಅವನ ಬಾಲ್ಯವನ್ನು ಅಂದೇ ಮುಗಿಸಿಬಿಡುತ್ತದೆ. ಗಂಡುಹುಡುಗ ಅಳಬಾರದು ಎಂಬ ಮಾತೂ ಅಂಥದೇ. ಹಿರಿಯ ಮಗಳ ಪಾಲಿಗೆ ಅಡಿಗೆಮನೆ, ಚಿಕ್ಕವರ ಆರೈಕೆ ಎರಡೂ ಬೀಳುತ್ತವೆ; ಅವಳ ಓದು ಸದ್ದಿಲ್ಲದೆ ಹಿಂದೆ ಬೀಳುತ್ತದೆ. ತಾಯಿ ಅತ್ತಾಳೆಂದು ಮಕ್ಕಳು ತಂದೆಯ ಹೆಸರೆತ್ತುವುದಿಲ್ಲ. ಮಕ್ಕಳು ಅಳುತ್ತಾರೆಂದು ತಾಯಿ ಎತ್ತುವುದಿಲ್ಲ. ಹೀಗೆ ಪ್ರೀತಿಯ ಕಾರಣದಿಂದಲೇ ಒಂದೇ ಸೂರಿನಡಿಯಲ್ಲಿ ಪ್ರತಿಯೊಬ್ಬರೂ ಒಂಟಿಯಾಗುತ್ತಾರೆ. ದೊಡ್ಡವರು ಮಕ್ಕಳೆದುರು ಅತ್ತರೆ ತಪ್ಪಿಲ್ಲ. “ನನಗೂ ಅಪ್ಪನ ನೆನಪಾಗಿ ಅಳು ಬಂತು; ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ, ಆಮೇಲೆ ಊಟ ಮಾಡೋಣ” ಎಂದು ಹೇಳುವ ತಾಯಿ, ದುಃಖ ಬರುತ್ತದೆ, ಅದನ್ನು ತಾಳಬಹುದು ಎಂಬುದನ್ನು ಮಗುವಿಗೆ ಕಲಿಸುತ್ತಾಳೆ.

ದುಃಖವು ಗೊತ್ತಾದ ಮೆಟ್ಟಿಲುಗಳನ್ನು ಏರಿ ಮುಗಿಯುತ್ತದೆ ಎಂಬ ಕಲ್ಪನೆಯೂ ಪ್ರಚಾರದಲ್ಲಿದೆ. ವೈದ್ಯೆ ಎಲಿಜಬೆತ್ ಕುಬ್ಲರ್-ರಾಸ್ 1969ರಲ್ಲಿ ವಿವರಿಸಿದ ಐದು ಹಂತಗಳು ಮೂಲತಃ ಮರಣಾಸನ್ನ ರೋಗಿಗಳನ್ನು ಕುರಿತವು. ಅವು ಎಲ್ಲರೂ ಕ್ರಮವಾಗಿ ದಾಟಬೇಕಾದ ಮೆಟ್ಟಿಲುಗಳಲ್ಲ. ಸ್ಟ್ರೋಬೆ ಮತ್ತು ಶುಟ್ ಎಂಬ ವಿದ್ವಾಂಸರು 1999ರಲ್ಲಿ ತೋರಿಸಿಕೊಟ್ಟಂತೆ, ದುಃಖದಲ್ಲಿರುವವರು ಒಮ್ಮೆ ಅಗಲಿಕೆಯ ಕಡೆಗೆ, ಒಮ್ಮೆ ನಿತ್ಯಜೀವನದ ಕಡೆಗೆ ಹೋಗಿಬಂದು ಮಾಡುತ್ತಿರುತ್ತಾರೆ. ಹೋದವರನ್ನು ಮರೆತರೆ ಮಾತ್ರ ಚೇತರಿಕೆ ಎಂಬ ಹಿಂದಿನ ವಾದವನ್ನೂ 1990ರ ದಶಕದಿಂದೀಚೆಗೆ ತಜ್ಞರು ಕೈಬಿಡುತ್ತ ಬಂದಿದ್ದಾರೆ. ಸಂಬಂಧ ಮುಗಿಯುವುದಿಲ್ಲ, ಅದರ ರೂಪ ಬದಲಾಗುತ್ತದೆ. ಮಹಾಲಯ ಅಮಾವಾಸ್ಯೆಯಂದು ಅಜ್ಜನಿಗೆ ಇಷ್ಟವಾದ ತಿನಿಸನ್ನು ಎಡೆಯಲ್ಲಿ ಬಡಿಸುವ ಮನೆಗೆ ಈ ಮಾತು ಹೊಸದೆನಿಸದು.

ಮಕ್ಕಳಿಗೆ ಎಲ್ಲಕ್ಕಿಂತ ಮುಖ್ಯವಾದುದು ದಿನಚರಿ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಶಾಲೆ, ಆಟ ಇದ್ದರೆ ಲೋಕ ಪೂರ್ತಿ ಕುಸಿದಿಲ್ಲ ಎಂಬ ಭರವಸೆ ಮೂಡುತ್ತದೆ. ಮಗು ಶಾಲೆಗೆ ಮರಳುವ ಮೊದಲು ತರಗತಿಯ ಅಧ್ಯಾಪಕರಿಗೆ ವಿಷಯ ತಿಳಿಸಿರಬೇಕು. “ಅಪ್ಪನ ಸಹಿ ಮಾಡಿಸಿಕೊಂಡು ಬಾ” ಎಂಬ ಸಾಧಾರಣ ಮಾತು ಎಲ್ಲರೆದುರು ಅದನ್ನು ಕುಗ್ಗಿಸದಂತೆ ಅವರು ಎಚ್ಚರ ವಹಿಸಬಲ್ಲರು. ಕೆಲವು ತಿಂಗಳು ಅಂಕಗಳು ಕಡಮೆಯಾದರೆ ಗದರಿಸುವುದು ಸಲ್ಲದು.

ಹೊರನಾಡಿನ ಮನೆಗಳಲ್ಲಿ ಅಜ್ಜಿಯ ಸಾವಿನೊಡನೆ ಮತ್ತೊಂದು ನಷ್ಟವೂ ಆಗುತ್ತದೆ. ಚೆನ್ನೈಯಲ್ಲಿಯೋ ದೆಹಲಿಯಲ್ಲಿಯೋ ಬೆಳೆಯುವ ಮಗುವಿನೊಡನೆ ಇಡೀ ದಿನ ಕನ್ನಡವಾಡುತ್ತಿದ್ದವರು ಅವರೊಬ್ಬರೇ ಆಗಿರಬಹುದು. ಕಥೆ, ಒಗಟು, ಮುದ್ದಿನ ಹೆಸರು ಎಲ್ಲವೂ ಒಮ್ಮೆಲೇ ನಿಂತುಹೋಗುತ್ತವೆ. ಆದ್ದರಿಂದ ಅಜ್ಜಿಯ ಮಾತುಗಳನ್ನು, ಅವರು ಮಾಡುತ್ತಿದ್ದ ಅಡಿಗೆಯ ಬಗೆಯನ್ನು ಮಗುವಿನ ಕೈಯಿಂದಲೇ ಒಂದು ಪುಸ್ತಕದಲ್ಲಿ ಬರೆಸುವುದು, ಕನ್ನಡಕ, ಎಲೆಯಡಿಕೆಯ ಚೀಲ, ಭಾವಚಿತ್ರಗಳನ್ನು ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಲು ಬಿಡುವುದು, ರಾತ್ರಿಯ ಕಥೆಯನ್ನು ಮನೆಯ ಮತ್ತೊಬ್ಬರು ಮುಂದುವರಿಸುವುದು ಬಹಳ ಪ್ರಯೋಜನಕಾರಿ.

ನೆರವು ಎಲ್ಲಿದೆ

ಬಹುತೇಕ ಮಕ್ಕಳು ಪ್ರೀತಿಯ ಆಸರೆಯಿಂದಲೇ ಚೇತರಿಸಿಕೊಳ್ಳುತ್ತಾರೆ. ಆದರೆ ತಿಂಗಳುಗಳು ಕಳೆದರೂ ನಿದ್ದೆ, ಊಟ ಸರಿಹೋಗದಿರುವುದು, ಶಾಲೆಗೆ ಹೋಗಲು ಒಪ್ಪದಿರುವುದು, ಗೆಳೆಯರಿಂದ ಪೂರ್ತಿ ದೂರವಾಗುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ಬಂದು ನಿಲ್ಲದಿರುವುದು ಕಂಡುಬಂದರೆ ತಜ್ಞರನ್ನು ಕಾಣಬೇಕು. ಸತ್ತವರ ಬಳಿಗೆ ಹೋಗಬೇಕೆಂಬ ಮಾತನ್ನು ಮಗು ಆಡಿದರೆ ಒಂದು ದಿನವೂ ತಡಮಾಡಬಾರದು. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವು, ಆರು ತಿಂಗಳಿಗೂ ಮೀರಿ ತೀವ್ರವಾಗಿ ಉಳಿದು ನಿತ್ಯಜೀವನವನ್ನು ಕೆಡಿಸುವ ದುಃಖವನ್ನು ಚಿಕಿತ್ಸೆಗೆ ಅರ್ಹವಾದ ಸ್ಥಿತಿಯೆಂದು ಗುರುತಿಸಿದೆ.

1999ರ ಒರಿಸ್ಸಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳ ಅನಂತರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಸ್ಥಳೀಯ ಕಾರ್ಯಕರ್ತರಿಗೇ ತರಬೇತಿ ನೀಡಿ ಮಾನಸಿಕ ಆಸರೆಯ ಕೆಲಸವನ್ನು ಹಬ್ಬಿಸಿದರು. ಅದೇ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಆಪ್ತ ಸಲಹೆ ಪಡೆಯಬಹುದು. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಇದೆ.

ದುಃಖದ ಮನೆಯಲ್ಲಿ ಹಣದ ಚಿಂತೆಯೂ ಹಿಂಬಾಲಿಸುತ್ತದೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ ಪ್ರಮಾಣಪತ್ರ ಪಡೆದುಕೊಂಡರೆ ಮುಂದಿನ ಕೆಲಸಗಳು ಸುಗಮ. ಬಡತನ ರೇಖೆಗಿಂತ ಕೆಳಗಿರುವ ಕುಟುಂಬದಲ್ಲಿ 18ರಿಂದ 59 ವರ್ಷದೊಳಗಿನ ಮುಖ್ಯ ದುಡಿಮೆಗಾರರು ತೀರಿಕೊಂಡಾಗ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಡಿ ಒಂದೇ ಬಾರಿಗೆ 20,000 ರೂಪಾಯಿ ದೊರೆಯುತ್ತದೆ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ, ವಿಧವೆಯಾದ ತಾಯಿಯೊಡನೆಯೋ ಬಂಧುಗಳೊಡನೆಯೋ ಇರುವ ಅರ್ಹ ಮಕ್ಕಳಿಗೆ, ಆದಾಯಮಿತಿಗೆ ಒಳಪಟ್ಟು, ತಿಂಗಳಿಗೆ 4,000 ರೂಪಾಯಿ ನೆರವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಕಾಗದಪತ್ರಗಳ ಈ ಓಡಾಟದಲ್ಲಿ ಜೊತೆಗೆ ಹೋಗುವುದು, ಅರ್ಜಿ ತುಂಬಿಕೊಡುವುದು ಹೂಮಾಲೆಗಿಂತ ದೊಡ್ಡ ಸಾಂತ್ವನ.

ಹದಿಮೂರು ದಿನಗಳ ಅನಂತರ

ವೈಕುಂಠ ಸಮಾರಾಧನೆ ಮುಗಿದ ಮರುದಿನದಿಂದ ಬಂಧುಗಳು ಕರಗುತ್ತಾರೆ. ಮನೆಗೆ ನಿಜವಾದ ಮೌನ ಇಳಿಯುವುದು ಆಗಲೇ. ಹೊರನಾಡಿನ ಕನ್ನಡ ಸಂಘಗಳು ನಾಟಕ, ರಾಜ್ಯೋತ್ಸವಗಳನ್ನು ನಡೆಸುವಷ್ಟೇ ಶ್ರದ್ಧೆಯಿಂದ ಈ ಮೌನದ ತಿಂಗಳುಗಳನ್ನೂ ನೆನಪಿಟ್ಟುಕೊಂಡರೆ ದೊಡ್ಡ ಉಪಕಾರವಾಗುತ್ತದೆ. ಸಾವಾದ ಮನೆಯಲ್ಲಿ ವರ್ಷದ ಮಟ್ಟಿಗೆ ಹಬ್ಬವಿಲ್ಲ. ಯುಗಾದಿಯಂದು ನೆರೆಯ ಮನೆಯವರು ಒಂದು ಡಬ್ಬಿ ಹೋಳಿಗೆ ಹಿಡಿದು ಬಾಗಿಲು ತಟ್ಟಿದರೆ, ಒಳಗಿರುವ ಮಗುವಿಗೆ ಹಬ್ಬ ತನ್ನನ್ನು ಮರೆತಿಲ್ಲವೆಂದು ತಿಳಿಯುತ್ತದೆ. ಹೋದವರ ಹೆಸರನ್ನು ಹೇಳಲು ಹಿಂಜರಿಯಬೇಕಾಗಿಲ್ಲ. “ನಿಮ್ಮಪ್ಪ ಒಳ್ಳೆಯ ಹಾಡುಗಾರ, ಗಣಪತಿ ಹಬ್ಬದಲ್ಲಿ ಅವರು ಹಾಡುತ್ತಿದ್ದುದು ನೆನಪಿದೆ” ಎಂಬ ಒಂದು ಮಾತು ಮಗುವಿಗೆ ಆಸ್ತಿಯಾಗಿ ಉಳಿಯುತ್ತದೆ.

ಕಿಸಾಗೋತಮಿಗೆ ಯಾವ ಮನೆಯಲ್ಲಿಯೂ ಆ ಸಾಸಿವೆ ದೊರೆಯಲಿಲ್ಲ. ಆದರೂ ಆ ಊರಿನ ಪ್ರತಿಯೊಂದು ಬಾಗಿಲೂ ಅವಳಿಗಾಗಿ ತೆರೆದಿತ್ತು. ದುಃಖದಲ್ಲಿರುವ ಮನೆಗೆ, ಅದರೊಳಗಿನ ಮಗುವಿಗೆ, ಬಾಗಿಲುಗಳು ಹಾಗೆಯೇ ತೆರೆದಿರಲಿ.